ಖಾಲಿ ಸೈಟಿನಲ್ಲಿ ಮೊಳೆಯುವುದು ಏನು?

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಸಾಲುಮನೆಗಳ ನಡುವೆ ಒಂದು ಖಾಲಿ ಸೈಟು ಇದ್ದೇ ಇರುತ್ತದೆ. ಮೂವತ್ತಕ್ಕೆ ನಲವತ್ತರ ಆ ಜಾಗದಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ಎದೆಯೆತ್ತರ ಪಾರ್ಥೇನಿಯಂ ಬೆಳೆದಿರುತ್ತದೆ. ಅದರ ಬುಡದಲ್ಲಿ ಪಕ್ಕದ ಮನೆ ಕಟ್ಟಿದಾಗ ಉಳಿದ ಜಲ್ಲಿ, ಒಡೆದ ಕಮೋಡು, ಪ್ಲಾಸ್ಟಿಕ್ ಚೀಲದಲ್ಲಿ ಗಂಟುಕಟ್ಟಿದ ಕಸ. ಮೊದಲ ಚೀಲ ಎಸೆದವರು ಯಾರೋ ಯಾರಿಗೂ ಗೊತ್ತಿಲ್ಲ. ಅದು ಬಿದ್ದ ಮೇಲೆ ಎರಡನೆಯದು, ಹತ್ತನೆಯದು ತಾವಾಗಿಯೇ ಬರುತ್ತವೆ. ಪಾಲಿಕೆಯವರು ಜೆಸಿಬಿ ತಂದು ಬಳಿದುಕೊಂಡು ಹೋದರೆ ವಾರದೊಳಗೆ ಮತ್ತೆ ಅದೇ ಪಾಡು. ‘ಇಲ್ಲಿ ಕಸ ಹಾಕಿದರೆ ದಂಡ’ ಎಂದು ಬರೆದ ಬೋರ್ಡಿನ ಕಾಲಿಗೇ ಕಸ ಒರಗಿರುತ್ತದೆ. ಅದೇ ಜಾಗದಲ್ಲಿ ಯಾರಾದರೂ ನೆಲ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಹಾಕಿ, ನಾಲ್ಕು ಕುಂಡ ಇಟ್ಟರೆ ಕಸ ಬೀಳುವುದು ಕೆಲ ಕಾಲವಾದರೂ ನಿಲ್ಲುತ್ತದೆ. ದಂಡಕ್ಕೆ ಹೆದರದ ಕೈ ರಂಗೋಲಿಯ ಮುಂದೆ ಏಕೆ ಹಿಂಜರಿಯುತ್ತದೆ?

ಖಾಲಿ ಸೈಟನ್ನು ನಾವು ಸಾಮಾನ್ಯವಾಗಿ ನೈರ್ಮಲ್ಯದ ಸಮಸ್ಯೆ ಎಂದೇ ನೋಡುತ್ತೇವೆ. ಸೊಳ್ಳೆ, ಹೆಗ್ಗಣ, ಬೀದಿನಾಯಿ, ವಾಸನೆ, ಇವೆಲ್ಲ ಹೌದು. ಆದರೆ ರಂಗೋಲಿಯ ಒಗಟನ್ನು ಸ್ವಲ್ಪ ಕೆದಕಿದರೆ ಇನ್ನೊಂದು ವಿಷಯ ಹೊರಬೀಳುತ್ತದೆ. ಹಾಳುಬಿದ್ದ ಜಾಗ ಸುತ್ತಲಿನವರ ಮನಸ್ಸಿನ ಮೇಲೆ ದಿನವೂ ಕೆಲಸ ಮಾಡುತ್ತಿರುತ್ತದೆ. ಅದನ್ನು ಹತ್ತು ಜನ ಸೇರಿ ಬೆಳೆ ತೆಗೆಯುವ ತೋಟವಾಗಿಸಿದರೆ ಆ ಕೆಲಸದ ದಿಕ್ಕೇ ತಿರುಗುತ್ತದೆ. ಇದು ಕೇಳಲು ಹಿತವಾದ ಮಾತು, ಆದ್ದರಿಂದಲೇ ಅನುಮಾನದಿಂದ ನೋಡಬೇಕಾದ ಮಾತು. ಗಿಡಮರಗಳ ಬಗ್ಗೆ ಒಳ್ಳೆಯದನ್ನು ಹೇಳುವಾಗ ನಾವೆಲ್ಲ ಪುರಾವೆ ಕೇಳುವುದನ್ನು ಮರೆತುಬಿಡುತ್ತೇವೆ. ಪುರಾವೆ ಸಿಕ್ಕುವುದು ಬೆಂಗಳೂರಿನಿಂದ ಬಹಳ ದೂರದಲ್ಲಿ.

ಫಿಲಡೆಲ್ಫಿಯಾದಲ್ಲಿ ಎತ್ತಿದ ಚೀಟಿ

ಅಮೆರಿಕದ ಫಿಲಡೆಲ್ಫಿಯಾ 1950ರಲ್ಲಿ 20 ಲಕ್ಷಕ್ಕೂ ಹೆಚ್ಚು ಜನರಿದ್ದ ಕೈಗಾರಿಕಾ ನಗರ. ಮುಂದಿನ ಐವತ್ತು ವರ್ಷಗಳಲ್ಲಿ ಗಿರಣಿಗಳು, ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. 2000ದ ಹೊತ್ತಿಗೆ ಜನಸಂಖ್ಯೆ 15 ಲಕ್ಷಕ್ಕೆ ಇಳಿದಿತ್ತು. ಬಿಟ್ಟುಹೋದ ಮನೆಗಳನ್ನು ಕೆಡವಿದ ಮೇಲೆ ಉಳಿದದ್ದು ಸುಮಾರು 40 ಸಾವಿರ ಖಾಲಿ ನಿವೇಶನ. ನಮ್ಮಲ್ಲಿ ಸೈಟು ಖಾಲಿ ಬಿದ್ದಿರುವುದು ಅದರ ಬೆಲೆ ಏರುತ್ತಲೇ ಇರುತ್ತದೆಂಬ ನಂಬಿಕೆಯಿಂದ, ಅಲ್ಲಿ ಬಿದ್ದದ್ದು ಬೆಲೆಯೇ ಇಲ್ಲವಾದದ್ದರಿಂದ. ಕಾರಣ ತದ್ವಿರುದ್ಧವಾದರೂ ನೆಲದ ಮೇಲೆ ಕಾಣುವುದು ಒಂದೇ: ಆಳೆತ್ತರದ ಕಳೆ, ಹಳೇ ಟೈರು, ಕಸದ ರಾಶಿ. 1827ರಲ್ಲಿ ಹುಟ್ಟಿದ ಪೆನ್ಸಿಲ್ವೇನಿಯಾ ತೋಟಗಾರಿಕಾ ಸಂಘ ಇದಕ್ಕೆ ಒಂದು ಅಗ್ಗದ ಚಿಕಿತ್ಸೆಯನ್ನು ರೂಪಿಸಿತು. ಕಸ ತೆಗೆದು, ನೆಲ ಸಮಮಾಡಿ, ಹುಲ್ಲು ಬಿತ್ತಿ, ಕೆಲವೇ ಮರ ನೆಟ್ಟು, ಸುತ್ತ ಮಂಡಿಯೆತ್ತರದ ಮರದ ಬೇಲಿ ಹಾಕುವುದು. ಒಳಗೆ ಹೋಗಲು ಬೇಲಿಯಲ್ಲಿ ಸಂದು ಬಿಟ್ಟಿರುತ್ತಾರೆ. ಆಮೇಲೆ ಹುಲ್ಲು ಬೆಳೆಯುವ ತಿಂಗಳುಗಳಲ್ಲಿ ತಪ್ಪದೆ ಕತ್ತರಿಸುವುದು. ಒಂದು ನಿವೇಶನಕ್ಕೆ ತಗಲುವ ಖರ್ಚು ಸುಮಾರು 1,600 ಡಾಲರ್, ನಂತರದ ನಿರ್ವಹಣೆಗೆ ವರ್ಷಕ್ಕೆ 180 ಡಾಲರ್.

ಇಂಥ ಜಾಗಗಳ ಸುತ್ತ ಅಪರಾಧ ಕಡಿಮೆ, ಜನ ಹೆಚ್ಚು ನೆಮ್ಮದಿಯಿಂದಿದ್ದಾರೆ ಎಂದು ಮೊದಲೇ ಕೆಲವು ಅಧ್ಯಯನಗಳು ಹೇಳಿದ್ದವು. ಅದನ್ನು ಒಪ್ಪಲು ಒಂದು ಅಡ್ಡಿಯಿತ್ತು. ಬಹುಶಃ ಹಸಿರು ಬಂದದ್ದೇ ಮೊದಲೇ ಒಗ್ಗಟ್ಟಿದ್ದ, ಪುರಸಭೆಯ ಬೆನ್ನು ಹತ್ತುವ ಬೀದಿಗಳಿಗೆ. ಹಾಗಿದ್ದರೆ ನೆಮ್ಮದಿ ಕಾರಣ, ಹುಲ್ಲು ಪರಿಣಾಮ. ಈ ಗೋಜಲನ್ನು ಬಿಡಿಸುವ ದಾರಿ ಒಂದೇ: ಯಾವ ಜಾಗಕ್ಕೆ ಚಿಕಿತ್ಸೆ ಎಂಬುದನ್ನು ಮನುಷ್ಯರು ಆರಿಸದೆ ಚೀಟಿ ಎತ್ತಿ ತೀರ್ಮಾನಿಸುವುದು. ಹೊಸ ಔಷಧಿಯನ್ನು ಪರೀಕ್ಷಿಸುವುದೂ ಹೀಗೆಯೇ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಯೂಜೀನಿಯಾ ಸೌತ್, ಚಾರ್ಲ್ಸ್ ಬ್ರಾನಸ್ ಮತ್ತು ಸಂಗಡಿಗರು ಮಾಡಿದ್ದು ಅದನ್ನೇ. ಇವರಲ್ಲಿ ಸೌತ್ ತುರ್ತು ಚಿಕಿತ್ಸೆಯ ವೈದ್ಯೆ. ಗುಂಡೇಟು ತಿಂದು ಬಂದವರನ್ನು ನೋಡುವುದು ಅವರ ವೃತ್ತಿಯ ಭಾಗ. ನಗರದ 541 ಖಾಲಿ ನಿವೇಶನಗಳನ್ನು ಮೂರು ಪಾಲು ಮಾಡಿದರು. ಒಂದು ಪಾಲಿಗೆ ಹುಲ್ಲು, ಮರ, ಬೇಲಿಯ ಪೂರ್ತಿ ಚಿಕಿತ್ಸೆ. ಇನ್ನೊಂದಕ್ಕೆ ಕಸ ತೆಗೆಯುವುದಷ್ಟೇ. ಮೂರನೆಯದನ್ನು ಇದ್ದ ಹಾಗೆಯೇ ಬಿಟ್ಟರು. ಸುತ್ತಲಿನ ಮನೆಗಳವರನ್ನು ಮೊದಲೊಮ್ಮೆ, ಕೆಲಸವಾದ ಮೇಲೊಮ್ಮೆ ಮಾತಾಡಿಸಿದರು. ಅಧ್ಯಯನ ನಗರವಾಸಿಗಳ ಆರೋಗ್ಯದ ಕುರಿತು ಎಂದಷ್ಟೇ ಅವರಿಗೆ ಗೊತ್ತಿತ್ತು.

2018ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಏನೂ ಮಾಡದ ಜಾಗಗಳಿಗೆ ಹೋಲಿಸಿದರೆ ಹಸಿರಾದ ಜಾಗಗಳ ಬಳಿ ‘ಮನಸ್ಸು ಕುಗ್ಗಿದೆ’ ಎನ್ನುವವರ ಪ್ರಮಾಣ ಶೇ 41.5ರಷ್ಟು, ‘ನಾನು ಯಾತಕ್ಕೂ ಬಾರದವನು’ ಎನ್ನುವವರ ಪ್ರಮಾಣ ಶೇ 50.9ರಷ್ಟು ಇಳಿದಿತ್ತು. ಬಡತನದ ರೇಖೆಗಿಂತ ಕೆಳಗಿನ ಬೀದಿಗಳಲ್ಲಿ ಮೊದಲನೆಯ ಇಳಿಕೆ ಶೇ 68.7. ಎರಡೂ ಬಾರಿ ಉತ್ತರಿಸಿದವರು 342 ಜನ, ಉತ್ತರ ಅವರ ಬಾಯಿಂದ ಬಂದದ್ದು, ವೈದ್ಯರ ರೋಗನಿರ್ಣಯವಲ್ಲ. ಹಾಗಾಗಿ ದಶಾಂಶದವರೆಗಿನ ಅಂಕಿಗಳಿಗೆ ಜೋತುಬೀಳುವ ಅಗತ್ಯವಿಲ್ಲ. ದಿಕ್ಕು ಮಾತ್ರ ಸ್ಪಷ್ಟ. ಅದೇ ಪ್ರಯೋಗದ ಇನ್ನೊಂದು ವರದಿಯ ಪ್ರಕಾರ ಬಡ ಬೀದಿಗಳಲ್ಲಿ ಬಂದೂಕಿನ ಹಿಂಸೆ ಶೇ 29ರಷ್ಟು ತಗ್ಗಿತ್ತು.

ಎಲ್ಲಕ್ಕಿಂತ ಕುತೂಹಲದ ಸಂಗತಿ ಮಧ್ಯದ ಪಾಲಿನದು. ಕಸ ಮಾತ್ರ ತೆಗೆದ ಜಾಗಗಳ ಸುತ್ತ ಜನರ ಮನಸ್ಸಿನಲ್ಲಿ ಗಮನಾರ್ಹ ಬದಲಾವಣೆ ಆಗಿರಲಿಲ್ಲ. ಕಸ ಹೋದರೆ ಸಾಕು ಎನ್ನುವುದು ನಿಜವಾಗಿದ್ದರೆ ಅವರಿಗೂ ಅಷ್ಟೋ ಇಷ್ಟೋ ನೆಮ್ಮದಿ ಸಿಗಬೇಕಿತ್ತು. ಜೆಸಿಬಿ ಬಂದು ಹೋದ ಮೇಲೂ ನಮ್ಮ ಬೀದಿಗಳ ಸ್ಥಿತಿ ಬದಲಾಗದಿರುವುದಕ್ಕೆ ಇಲ್ಲೊಂದು ಸುಳಿವಿದೆ.

ಕಾವಲು ಬಿಡದ ಮಿದುಳು

ಮನೆಗೆ ನಡೆದು ಬರುವಾಗ ನಮ್ಮ ಮಿದುಳು ನಮ್ಮನ್ನು ಕೇಳದೆಯೇ ದಾರಿಯನ್ನು ಓದುತ್ತಿರುತ್ತದೆ. ಇಲ್ಲಿ ಯಾರಿದ್ದಾರೆ, ಯಾರಿಲ್ಲ, ಏನಾದರೂ ಆದರೆ ಯಾರು ಬಂದಾರು? ಎದೆಯೆತ್ತರದ ಕಳೆ ಈ ಓದಿಗೆ ಉತ್ತರ ಕೊಡುವುದಿಲ್ಲ. ಅದರ ಹಿಂದೆ ಹಾವಿರಬಹುದು, ನಾಯಿ ಮರಿಹಾಕಿರಬಹುದು, ಕುಡಿದವನೊಬ್ಬ ಕೂತಿರಬಹುದು, ಏನೂ ಇಲ್ಲದಿರಬಹುದು. ಉತ್ತರ ಸಿಗದಾಗ ಮಿದುಳು ಅಪಾಯದ ಕಡೆಗೇ ವಾಲುತ್ತದೆ, ಏಕೆಂದರೆ ಇಲ್ಲದ ಹಾವಿಗೆ ಬೆದರಿದರೆ ಆಗುವ ನಷ್ಟ ಇರುವ ಹಾವನ್ನು ಕಾಣದಿದ್ದರೆ ಆಗುವ ನಷ್ಟಕ್ಕಿಂತ ಕಡಿಮೆ. ಇದನ್ನು ಕಾವಲು ಸ್ಥಿತಿ ಎಂದು ಕರೆಯೋಣ. ಈ ಸ್ಥಿತಿಯಲ್ಲಿ ಮಿದುಳಿನ ಆಜ್ಞೆಯಂತೆ ಮೂತ್ರಪಿಂಡಗಳ ಮೇಲೆ ಕೂತಿರುವ ಪುಟ್ಟ ಗ್ರಂಥಿಗಳು ಕಾರ್ಟಿಸಾಲ್ ಎಂಬ ರಸದೂತವನ್ನು ರಕ್ತಕ್ಕೆ ಬಿಡುತ್ತವೆ. ರಕ್ತದಲ್ಲಿ ಸಕ್ಕರೆ ಏರುತ್ತದೆ. ಜೊತೆಗೆ ನರಗಳ ಸೂಚನೆಯಿಂದ ಎದೆಬಡಿತವೂ ಚುರುಕಾಗುತ್ತದೆ. ಕಾರ್ಟಿಸಾಲ್ ಕೆಟ್ಟದ್ದೇನಲ್ಲ. ಆರೋಗ್ಯವಂತರಲ್ಲಿ ಬೆಳಗ್ಗೆ ಅದು ಏರಿ ನಮ್ಮನ್ನು ಎಬ್ಬಿಸುತ್ತದೆ, ರಾತ್ರಿ ಇಳಿದು ಮಲಗಲು ಬಿಡುತ್ತದೆ. ಕಾವಲು ಎಂದೂ ಮುಗಿಯದಿದ್ದರೆ ಈ ಏರಿಳಿತ ಹದಗೆಡುತ್ತದೆ, ನಿದ್ದೆ ಕೆಡುತ್ತದೆ, ಸಣ್ಣದಕ್ಕೂ ಸಿಡುಕು ಬರುತ್ತದೆ, ಕೊನೆಗೆ ಯಾವುದರಲ್ಲೂ ಆಸಕ್ತಿ ಉಳಿಯುವುದಿಲ್ಲ. ಮನೆ ಬದಲಿಸುವಷ್ಟು ಹಣವಿದ್ದವರಿಗೆ ಇದರಿಂದ ಬಿಡುಗಡೆಯುಂಟು. ಫಿಲಡೆಲ್ಫಿಯಾದ ಬಡ ಬೀದಿಗಳಲ್ಲಿ ಪರಿಣಾಮ ಹೆಚ್ಚಾಗಿ ಕಂಡಿದ್ದಕ್ಕೆ ಇದೂ ಕಾರಣವಿರಬೇಕು. ಅಲ್ಲಿಯೇ ನಡೆದ ಇನ್ನೊಂದು ಸಣ್ಣ ಪ್ರಯೋಗದಲ್ಲಿ ಬೆರಳೆಣಿಕೆಯ ನಿವಾಸಿಗಳಿಗೆ ಎದೆಬಡಿತ ಅಳೆಯುವ ಉಪಕರಣ ಕಟ್ಟಿ ತಮ್ಮದೇ ಬೀದಿಗಳಲ್ಲಿ ನಡೆಸಿದ್ದರು. ಹಸಿರಾದ ನಿವೇಶನ ಕಣ್ಣಿಗೆ ಬಿದ್ದಾಗ ಅವರ ಎದೆಬಡಿತ ಇಳಿಯುತ್ತಿತ್ತು.

ಹಾಗಾದರೆ ಕಸ ತೆಗೆದ ಬೋಳು ನೆಲದ ಮುಂದೆ ಕಾವಲು ಏಕೆ ಸಡಿಲವಾಗಲಿಲ್ಲ? ಅಮೆರಿಕದ ಭೂದೃಶ್ಯ ತಜ್ಞೆ ಜೋನ್ ನಸಾವರ್ 1995ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಇದಕ್ಕೆ ಉಪಯುಕ್ತವಾದ ಒಂದು ಕಲ್ಪನೆ ಇದೆ. ಜನ ಒಂದು ಜಾಗವನ್ನು ನೋಡಿ ಅದು ಎಷ್ಟು ಹಸಿರಾಗಿದೆ ಎಂದು ಅಳೆಯುವುದಿಲ್ಲ, ಯಾರಾದರೂ ಅದನ್ನು ನೋಡಿಕೊಳ್ಳುತ್ತಿದ್ದಾರೆಯೇ ಎಂದು ಹುಡುಕುತ್ತಾರೆ. ಕತ್ತರಿಸಿದ ಅಂಚು, ನೇರವಾದ ಬೇಲಿ, ಸಾಲಾಗಿ ನೆಟ್ಟ ಗಿಡ, ಇವು ಆರೈಕೆಯ ಗುರುತುಗಳು. ಬೋಳು ನೆಲ ‘ಇಲ್ಲಿ ಕಸವಿಲ್ಲ’ ಎಂದಷ್ಟೇ ಹೇಳುತ್ತದೆ, ನಾಳೆಯ ಬಗ್ಗೆ ಏನೂ ಹೇಳುವುದಿಲ್ಲ. ರಂಗೋಲಿಯ ಒಗಟು ಬಿಡಿಸಿಕೊಳ್ಳುವುದೂ ಇಲ್ಲಿಯೇ. ಅದು ಇವತ್ತು ಬೆಳಗ್ಗೆ ಇಲ್ಲಿ ಯಾರೋ ಇದ್ದರು, ನಾಳೆ ಬೆಳಗ್ಗೆ ಮತ್ತೆ ಬರುತ್ತಾರೆ ಎಂದು ಹೇಳುತ್ತದೆ. ದಂಡದ ಬೋರ್ಡು ನೆಟ್ಟವರು ಮತ್ತೆ ಬರುವುದಿಲ್ಲವೆಂಬುದು ಎಲ್ಲರಿಗೂ ಗೊತ್ತು.

ಹುಲ್ಲು ಸಾಕೇ, ಸೊಪ್ಪು ಬೇಕೇ?

ಇಲ್ಲೊಂದು ನ್ಯಾಯವಾದ ಆಕ್ಷೇಪ ಬರುತ್ತದೆ. ಹುಲ್ಲು ಮತ್ತು ಬೇಲಿಯಿಂದಲೇ ಇಷ್ಟು ಸಿಗುವುದಾದರೆ ಬೇಸಾಯದ ಗೊಡವೆ ಏಕೆ? ಬೇಸಾಯ ಕಷ್ಟದ ಕೆಲಸ. ಹುಳು ಬೀಳುತ್ತದೆ, ನೀರು ಸಾಲದು, ಮೊದಲ ತಿಂಗಳ ಉತ್ಸಾಹ ಮೂರನೆಯ ತಿಂಗಳಿಗೆ ಇರುವುದಿಲ್ಲ. ಉತ್ತರಕ್ಕೆ ಇನ್ನೊಂದು ಪ್ರಯೋಗವನ್ನು ನೋಡಬೇಕು. ಕೊಲರಾಡೋ ರಾಜ್ಯದ ಡೆನ್ವರ್ ಮತ್ತು ಪಕ್ಕದ ಅರೋರಾ ನಗರಗಳಲ್ಲಿ ಹತ್ತಾರು ಸಮುದಾಯ ತೋಟಗಳಿವೆ. ಅಲ್ಲಿ ಪಾತಿಗಾಗಿ ಕಾಯುವವರ ಪಟ್ಟಿ ಉದ್ದ. ಜಿಲ್ ಲಿಟ್ ಎಂಬ ಸಂಶೋಧಕಿ ಈ ಪಟ್ಟಿಯನ್ನೇ ಬಳಸಿಕೊಂಡರು. ಅದುವರೆಗೆ ತೋಟಗಾರಿಕೆ ಮಾಡದ 291 ಜನರನ್ನು ಸೇರಿಸಿ, ಚೀಟಿ ಎತ್ತಿ, ಅರ್ಧದಷ್ಟು ಜನರಿಗೆ ಆ ವರ್ಷವೇ ಪಾತಿ, ಬೀಜ, ಸಸಿ, ಒಂದಿಷ್ಟು ತರಬೇತಿ ಕೊಟ್ಟರು. ಉಳಿದವರು ಒಂದು ವರ್ಷ ಕಾಯಬೇಕಿತ್ತು. ಅರ್ಧಕ್ಕಿಂತ ಹೆಚ್ಚಿನವರು ಕಡಿಮೆ ಆದಾಯದ ಮನೆಗಳವರು.

2023ರಲ್ಲಿ ಹೊರಬಂದ ಫಲಿತಾಂಶ ಅಬ್ಬರದ್ದಲ್ಲ. ಪಾತಿ ಸಿಕ್ಕವರು ದಿನಕ್ಕೆ ಸುಮಾರು 1.4 ಗ್ರಾಂ ಹೆಚ್ಚು ನಾರು ತಿಂದರು. ವಾರಕ್ಕೆ 42 ನಿಮಿಷದಷ್ಟು ಹೆಚ್ಚು ಮೈ ದಣಿಸಿದರು. ಒತ್ತಡ ಮತ್ತು ಆತಂಕ ಇಳಿದವು, ಆರಂಭದಲ್ಲಿ ಹೆಚ್ಚು ಒತ್ತಡದಲ್ಲಿದ್ದವರಿಗೇ ಹೆಚ್ಚು ಲಾಭವಾಯಿತು. ತೂಕ ಮತ್ತು ಸೊಂಟದ ಸುತ್ತಳತೆ ಬದಲಾಗಲಿಲ್ಲ. ಒಟ್ಟಾರೆ ಊಟದ ಗುಣಮಟ್ಟದಲ್ಲೂ ಎರಡು ಗುಂಪುಗಳ ನಡುವೆ ಅಂತರವಿರಲಿಲ್ಲ. ತೋಟ ಮಾಡಿದರೆ ಹೊಟ್ಟೆ ಕರಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆದರೂ ಒಂದೇ ಚಟುವಟಿಕೆ ಊಟ, ನಡಿಗೆ, ಮನಸ್ಸು ಮೂರನ್ನೂ ಸ್ವಲ್ಪ ಸ್ವಲ್ಪ ಸರಿದಿಕ್ಕಿಗೆ ತಳ್ಳುವುದು, ಅದೂ ಒಬ್ಬ ವೈದ್ಯರ ಸಲಹೆಯೂ ಇಲ್ಲದೆ, ಸಾಮಾನ್ಯ ಸಂಗತಿಯಲ್ಲ. ನಾರು ತಿನ್ನಿ, ನಡೆಯಿರಿ, ಚಿಂತೆ ಬಿಡಿ ಎಂದು ಪ್ರತಿ ಆಸ್ಪತ್ರೆಯ ಗೋಡೆಯೂ ಹೇಳುತ್ತದೆ. ಗೋಡೆ ಹೇಳಿದ್ದನ್ನು ಎಷ್ಟು ಜನ ಮಾಡುತ್ತಾರೆ?

ಮಣ್ಣಿನ ಕೆಲಸವೇ ಒತ್ತಡ ಇಳಿಸುತ್ತದೆಂಬುದಕ್ಕೆ ನೆದರ್ಲೆಂಡ್ಸಿನ ಪುಟ್ಟ ಪ್ರಯೋಗವೊಂದು ಸಾಕ್ಷಿ. 2011ರಲ್ಲಿ ಪ್ರಕಟವಾದ ಅದರಲ್ಲಿ ಬಾಡಿಗೆ ಪಾತಿಗಳಲ್ಲಿ ತೋಟ ಮಾಡುವ 30 ಜನರನ್ನು ಮೊದಲು ಒಂದು ಕಠಿಣ ಏಕಾಗ್ರತೆಯ ಪರೀಕ್ಷೆಗೆ ಒಡ್ಡಿ ಒತ್ತಡ ತಂದರು. ಬಳಿಕ ಅರ್ಧ ಗಂಟೆ ಕೆಲವರು ತೋಟದಲ್ಲಿ ಕೆಲಸ ಮಾಡಿದರು, ಉಳಿದವರು ಒಳಗೆ ಕೂತು ಓದಿದರು. ಇಬ್ಬರಲ್ಲೂ ಕಾರ್ಟಿಸಾಲ್ ಇಳಿಯಿತು, ತೋಟದವರಲ್ಲಿ ಹೆಚ್ಚು. ಅವರ ಮನಸ್ಸು ಪೂರ್ತಿ ತಿಳಿಯಾಯಿತು, ಓದಿದವರದು ಆಗಲಿಲ್ಲ. ಅವರೆಲ್ಲ ಮೊದಲೇ ತೋಟದ ಹುಚ್ಚಿನವರು ಎಂಬುದನ್ನು ಮರೆಯಬಾರದು. ಓದಿನ ಹುಚ್ಚಿನವರನ್ನು ಆರಿಸಿದ್ದರೆ ಉತ್ತರ ಬೇರೆಯಾಗುತ್ತಿತ್ತೇನೋ.

ಬಾವಿಕಟ್ಟೆಯಲ್ಲಿ ನಡೆದ ಮಾತು

ಇಷ್ಟರಿಂದ ತೋಟಕ್ಕೂ ಉದ್ಯಾನಕ್ಕೂ ಇರುವ ವ್ಯತ್ಯಾಸ ಪೂರ್ತಿ ಸಿಗುವುದಿಲ್ಲ. ಸಿಗಬೇಕಾದರೆ ಹಳ್ಳಿಯ ಸೇದುವ ಬಾವಿಯನ್ನು ನೆನೆಯಬೇಕು. ಮಾತಾಡಲೆಂದು ಯಾರೂ ಬಾವಿಗೆ ಹೋಗುತ್ತಿರಲಿಲ್ಲ, ಹೋಗುತ್ತಿದ್ದದ್ದು ನೀರಿಗೆ. ಕೊಡ ತುಂಬುವವರೆಗೆ ನಿಲ್ಲಲೇಬೇಕು, ನಿಂತಾಗ ಪಕ್ಕದವರು ಇರುತ್ತಾರೆ, ಇದ್ದಾಗ ಮಾತು ಬರುತ್ತದೆ. ಮಾತು ಬೇಡವೆಂದರೂ ನಾಳೆ ಮತ್ತೆ ಬರಬೇಕು. ಯಾರ ಮನೆಯಲ್ಲಿ ಜ್ವರ, ಯಾರ ಮಗಳು ಬಸುರಿ, ಯಾರು ನಾಲ್ಕು ದಿನದಿಂದ ಕಾಣುತ್ತಿಲ್ಲ ಎಂಬುದೆಲ್ಲ ಕೊಡದ ಜೊತೆಗೇ ಮನೆಗೆ ಹೋಗುತ್ತಿತ್ತು. ಆ ಬಾವಿಕಟ್ಟೆಯಲ್ಲಿ ಜಾತಿಯ ಅಡ್ಡಗೋಡೆಯಿತ್ತು, ಹೊರೆಯೆಲ್ಲ ಹೆಂಗಸರ ಸೊಂಟದ ಮೇಲಿತ್ತು. ಅದನ್ನು ಹಾಡಿ ಹೊಗಳುವ ಅಗತ್ಯವಿಲ್ಲ. ಮನೆಗೆ ನಲ್ಲಿ ಬಂದದ್ದು ಒಳ್ಳೆಯದೇ ಆಯಿತು. ಆದರೆ ನಲ್ಲಿ ನೀರನ್ನು ತಂದಿತು, ನೆಪವನ್ನು ತರಲಿಲ್ಲ.

ಸಮುದಾಯ ತೋಟದ ಒಳಯಂತ್ರ ಇದೇ. ಬೇಸಾಯ ಒಂದು ನಿತ್ಯದ ನೆಪ. ಪಾರ್ಕಿಗೆ ಹೋಗದಿದ್ದರೆ ಪಾರ್ಕಿಗೆ ಏನೂ ಆಗುವುದಿಲ್ಲ. ಹರಿವೆ ಬಿತ್ತಿದವರು ಹೋಗದಿದ್ದರೆ ಹರಿವೆ ಬಾಡುತ್ತದೆ. ಬಿತ್ತಿದ ಮೂರನೆಯ ನಾಲ್ಕನೆಯ ದಿನಕ್ಕೆ ಮೊಳಕೆ, ಆಮೇಲೆ ಕಳೆ, ನಾಲ್ಕನೆಯ ವಾರಕ್ಕೆ ಕೊಯ್ಲು. ಬೆಂಡೆಯನ್ನು ಎರಡು ದಿನಕ್ಕೊಮ್ಮೆ ಕೊಯ್ಯದಿದ್ದರೆ ಬಲಿತು ನಾರಾಗುತ್ತದೆ. ಈ ವೇಳಾಪಟ್ಟಿಯನ್ನು ಯಾವ ಸಂಘದ ಕಾರ್ಯದರ್ಶಿಯೂ ಬರೆದದ್ದಲ್ಲ, ಗಿಡ ಬರೆದದ್ದು. ಆದ್ದರಿಂದ ಅದಕ್ಕೆ ಎದುರಾಡುವವರಿಲ್ಲ. ಒಂದೇ ವೇಳೆಗೆ ಹಲವರು ಅದೇ ಜಾಗಕ್ಕೆ ಬರುತ್ತಾರೆ, ಕೈಗೆ ಕೆಲಸವಿರುವುದರಿಂದ ಮುಖ ನೋಡಿ ಮಾತಾಡುವ ಮುಜುಗರವಿಲ್ಲ. ‘ಹೇಗಿದ್ದೀರಿ?’ ಎಂದರೆ ‘ಚೆನ್ನಾಗಿದ್ದೇನೆ’ ಎಂದು ಬಾಗಿಲು ಹಾಕಿಕೊಳ್ಳುವವರೂ ‘ನಿಮ್ಮ ಬದನೆಗೆ ಹುಳು ಬಿದ್ದಿದೆಯಲ್ಲ’ ಎಂದರೆ ಹತ್ತು ನಿಮಿಷ ನಿಲ್ಲುತ್ತಾರೆ. ಹೆಂಡತಿ ತೀರಿಕೊಂಡ ಮೇಲೆ ಮಗನ ಫ್ಲ್ಯಾಟಿಗೆ ಬಂದು ಸೇರಿದ ನಿವೃತ್ತ ರೈತ ಇಂಥ ಜಾಗದಲ್ಲಿ ಹೊರೆಯಲ್ಲ, ಗುರು.

ಇಂಥ ಚಿಲ್ಲರೆ ಮಾತುಕತೆಯ ಬೆಲೆಯನ್ನು ಸಮಾಜಶಾಸ್ತ್ರ ಅಳೆದಿದೆ. ರಾಬರ್ಟ್ ಸ್ಯಾಂಪ್ಸನ್ ಮತ್ತು ಸಂಗಡಿಗರು ಷಿಕಾಗೋದ 343 ನೆರೆಹೊರೆಗಳ 8,782 ನಿವಾಸಿಗಳನ್ನು ಮಾತಾಡಿಸಿ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಗುಣ ಎದ್ದುಕಂಡಿತು. ಅದನ್ನು ನೆರೆಬಲ ಎನ್ನಬಹುದು: ಅಕ್ಕಪಕ್ಕದವರ ಮೇಲಿನ ನಂಬಿಕೆ, ಜೊತೆಗೆ ಬೇಕಾದಾಗ ಮುಂದೆ ಬರುತ್ತಾರೆಂಬ ಭರವಸೆ. ಶಾಲೆ ತಪ್ಪಿಸಿ ಮೂಲೆಯಲ್ಲಿ ನಿಂತ ಹುಡುಗರನ್ನು ಯಾರಾದರೂ ಗದರುತ್ತಾರೆಯೇ? ಇಷ್ಟೇ ಪ್ರಶ್ನೆ. ನೆರೆಬಲ ಹೆಚ್ಚಿದ್ದ ಕಡೆ, ಬಡತನವನ್ನು ಲೆಕ್ಕಕ್ಕೆ ಹಿಡಿದ ಮೇಲೂ, ಹಿಂಸೆ ಕಡಿಮೆಯಿತ್ತು. ನೆರೆಬಲಕ್ಕೆ ಗಾಢ ಸ್ನೇಹ ಬೇಡ, ಮುಖ ಪರಿಚಯ ಮತ್ತು ಹೆಸರು ಸಾಕು. ಅದು ಬೆಳೆಯಲು ಬೇಕಾದದ್ದು ಪದೇ ಪದೇ ಭೇಟಿ. ಫಿಲಡೆಲ್ಫಿಯಾದ ಹುಲ್ಲು ಕಾವಲನ್ನು ಸಡಿಲಿಸುತ್ತದೆ. ಡೆನ್ವರಿನ ಪಾತಿ ಅದರ ಜೊತೆಗೆ, ಕಾವಲು ಹಂಚಿಕೊಳ್ಳುವ ಜನರನ್ನೂ ಒದಗಿಸುತ್ತದೆ. ಬೆಂಗಳೂರಿನಲ್ಲಿ ತಾರಸಿ ತೋಟದ ಚಳವಳಿ ಗಟ್ಟಿಯಾಗಿ ಬೆಳೆದಿದೆ. ಕೃಷಿ ವಿಜ್ಞಾನಿ ಡಾ. ಬಿ.ಎನ್. ವಿಶ್ವನಾಥ್ ಅದಕ್ಕೆ ಅಡಿಪಾಯ ಹಾಕಿದವರು. ‘ಊಟ ಫ್ರಮ್ ಯುವರ್ ತೋಟ’ ಮೇಳಗಳಲ್ಲಿ ಬೀಜವೂ ಅನುಭವವೂ ಕೈಬದಲಾಗುತ್ತವೆ. ತಾರಸಿ ಒಳ್ಳೆಯ ಸೊಪ್ಪು ಕೊಡುತ್ತದೆ, ಕೈಗೆ ಮಣ್ಣು ಕೊಡುತ್ತದೆ. ಆದರೆ ಅದಕ್ಕೆ ಮೆಟ್ಟಿಲು ಮನೆಯೊಳಗಿನಿಂದ. ನೆಪದ ಭೇಟಿ ಬೇಕೆಂದರೆ ಬೀದಿಗೆ ಇಳಿಯಬೇಕು.

ಸೂಕ್ಷ್ಮಾಣುವಿನ ಮಾತು

ಮಣ್ಣು ಮುಟ್ಟಿದರೆ ಮನಸ್ಸು ಹಗುರಾಗುವುದಕ್ಕೆ ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯಾ ಕಾರಣ ಎಂಬ ಸಂದೇಶ ಮೊಬೈಲುಗಳಲ್ಲಿ ಓಡಾಡುತ್ತದೆ. ಮೈಕೋಬ್ಯಾಕ್ಟೀರಿಯಂ ವ್ಯಾಕೇ ಎಂಬ ಸೂಕ್ಷ್ಮಾಣು ನಿಜ, 2007ರ ಪ್ರಯೋಗವೂ ನಿಜ. ಆದರೆ ಅಲ್ಲಿ ಕೊಂದ ಸೂಕ್ಷ್ಮಾಣುಗಳನ್ನು ಇಲಿಗಳಿಗೆ ಕೊಟ್ಟು ಅವುಗಳ ಮಿದುಳಿನ ಸೆರೋಟೋನಿನ್ ನರಕೋಶಗಳನ್ನು ನೋಡಿದ್ದರು. ಅದರಿಂದ ಪಾತಿ ಅಗೆಯುವ ಮನುಷ್ಯನವರೆಗೆ ಬರಲು ಇನ್ನೂ ಬಹಳ ದಾರಿಯಿದೆ. ತೋಟದ ಪರವಾಗಿ ವಾದಿಸಲು ಈ ಸಂದೇಶದ ಆಸರೆ ಬೇಕಿಲ್ಲ.

ಸೀಸ, ಚರಂಡಿ ನೀರು, ಕೋಟಿ ಬೆಲೆ

ಹೆಚ್ಚು ಗಂಭೀರವಾದ ಆಕ್ಷೇಪ ನೆಲದ ಆರೋಗ್ಯದ್ದು. ನಗರದ ಮಣ್ಣು ಹಳ್ಳಿಯ ಹೊಲವಲ್ಲ. ಭಾರತದಲ್ಲಿ ಸೀಸ ಬೆರೆತ ಪೆಟ್ರೋಲು ನಿಂತದ್ದು 2000ದಲ್ಲಿ. ಅದಕ್ಕೂ ಮೊದಲು ದಶಕಗಳ ಕಾಲ ಹೊಗೆಯಲ್ಲಿ ಬಂದ ಸೀಸ ರಸ್ತೆಬದಿಯ ಮಣ್ಣಿನಲ್ಲಿ ಕೂತಿದೆ, ಏಕೆಂದರೆ ಸೀಸ ಕೊಳೆಯುವುದಿಲ್ಲ, ನೀರಿನಲ್ಲಿ ಸುಲಭವಾಗಿ ಇಳಿದುಹೋಗುವುದೂ ಇಲ್ಲ. ಹಳೆಯ ಬಣ್ಣದ ಚಕ್ಕೆ, ಬ್ಯಾಟರಿ ಒಡೆದ ಗುಜರಿ ಜಾಗ ಇನ್ನೂ ಅಪಾಯ. ಸೊಪ್ಪು ಮತ್ತು ಗೆಡ್ಡೆಗಳಲ್ಲಿ ಸೀಸ ಸೇರುವುದು ಹೆಚ್ಚು, ಕಾಯಿಗಳಲ್ಲಿ ಕಡಿಮೆ. ಅದಕ್ಕಿಂತ ದೊಡ್ಡ ದಾರಿ ಎಲೆಗೆ ಅಂಟಿದ ಧೂಳು, ಆಟವಾಡುವ ಮಗುವಿನ ಬೆರಳು. ಇದು ತೋಟವನ್ನು ಕೈಬಿಡಲು ಕಾರಣವಾಗುವುದಿಲ್ಲ, ಕ್ರಮ ತಪ್ಪದಿರಲು ಕಾರಣವಾಗುತ್ತದೆ. ಮೊದಲು ಮಣ್ಣು ಪರೀಕ್ಷೆ, ಅದೂ ಸಾರಜನಕ, ರಂಜಕಕ್ಕೆ ಮಾತ್ರವಲ್ಲದೆ ಭಾರಲೋಹಗಳಿಗೂ. ಅನುಮಾನವಿದ್ದರೆ ಇಟ್ಟಿಗೆ ಕಟ್ಟಿ ಎತ್ತರಿಸಿದ ಮಡಿ, ಹೊರಗಿಂದ ತಂದ ಮಣ್ಣು, ಬೀದಿಯ ಹಸಿಕಸದಿಂದಲೇ ಮಾಡಿದ ಗೊಬ್ಬರ. ಗೊಬ್ಬರ ಹೆಚ್ಚಿದಷ್ಟೂ ಸೀಸ ಅದಕ್ಕೆ ಅಂಟಿಕೊಂಡು ಬೇರಿಗೆ ಸಿಗುವುದು ಕಡಿಮೆಯಾಗುತ್ತದೆ. ರಸ್ತೆಯ ಬದಿಗೆ ಸೊಪ್ಪಿನ ಬದಲು ಅವರೆ ಚಪ್ಪರ.

ನೀರಿನ ವಿಷಯದಲ್ಲಿ ಎಚ್ಚರಿಕೆಯ ಪಾಠ ನಮ್ಮ ದೇಶದಲ್ಲೇ ಇದೆ. ರೈಲ್ವೆ ಇಲಾಖೆ ‘ಗ್ರೋ ಮೋರ್ ಫುಡ್’ ಯೋಜನೆಯಡಿ ಹಳಿಯ ಬದಿಯ ಖಾಲಿ ನೆಲವನ್ನು ತನ್ನ ನೌಕರರಿಗೆ ಬೇಸಾಯಕ್ಕೆ ಕೊಡುತ್ತ ಬಂದಿದೆ. ನೆಲ ಒತ್ತುವರಿಯಾಗದಂತೆ ಕಾಯಲು ಅದೊಂದು ಜಾಣ ಉಪಾಯ. ಮುಂಬಯಿಯಲ್ಲಿ ಆ ತುಂಡುಗಳಿಗೆ ಹಾಯಿಸಿದ್ದು ಅನೇಕ ಕಡೆ ಚರಂಡಿ ನೀರನ್ನು, ಹೀಗಾಗಿ ಪಾಲಕ್ ಕಂತೆಯ ಮೇಲೆ ಪ್ರಶ್ನೆಗಳೆದ್ದವು. ಮಳೆನೀರಿನ ತೊಟ್ಟಿಯೋ ಶುದ್ಧೀಕರಿಸಿದ ನೀರಿನ ಸಂಪರ್ಕವೋ ಇಲ್ಲದ ಕಡೆ ತೋಟ ಹೂಡಬಾರದು.

ಇನ್ನು ಬೆಲೆ. ಕೋಟಿ ಬಾಳುವ ಸೈಟಿನಲ್ಲಿ ಹತ್ತು ರೂಪಾಯಿಯ ಕೊತ್ತಂಬರಿ ಬೆಳೆಯುವುದು ಯಾವ ಅರ್ಥಶಾಸ್ತ್ರ? ಕೊತ್ತಂಬರಿಯ ಲೆಕ್ಕದಲ್ಲಿ ಈ ವಾದ ಗೆಲ್ಲುವುದಿಲ್ಲ, ಗೆಲ್ಲಿಸಲು ಹೋಗಲೂಬಾರದು. ಸೋವಿಯತ್ ಒಕ್ಕೂಟ ಕುಸಿದು ಆಮದು ನಿಂತಾಗ ಹವಾನಾದ ಖಾಲಿ ಜಾಗಗಳು ನಿಜಕ್ಕೂ ತರಕಾರಿ ಒದಗಿಸಿದವು. ಅಲ್ಲಿ ಬೇರೆ ದಾರಿಯಿರಲಿಲ್ಲ. 1,200 ಚದರಡಿ ಒಂದು ಬೀದಿಯ ಹೊಟ್ಟೆ ತುಂಬಿಸಲಾರದು. ಸರಿಯಾದ ಲೆಕ್ಕ ಹೀಗೆ: ಮಾಲೀಕರು ಕಟ್ಟುವವರೆಗಿನ ಹತ್ತು ವರ್ಷ ಆ ನೆಲ ಸುತ್ತಲಿನ ಮನೆಗಳಿಗೆ ಏನು ಮಾಡುತ್ತಿದೆ? ಈಗ ಅದು ಸೊಳ್ಳೆಯನ್ನೂ, ಅಲರ್ಜಿ ತರುವ ಪಾರ್ಥೇನಿಯಂ ಪರಾಗವನ್ನೂ, ಮುಗಿಯದ ಕಾವಲನ್ನೂ ಪುಕ್ಕಟೆ ಹಂಚುತ್ತಿದೆ. ಆ ನಷ್ಟವನ್ನು ಯಾರೂ ಬರೆದಿಡುವುದಿಲ್ಲ.

ಒಂದು ಆಕ್ಷೇಪವನ್ನು ಮಾತ್ರ ಹೀಗೆ ದಾಟಿಬಿಡಲಾಗದು. ಖಾಲಿ ಸೈಟು ನಿಜವಾಗಿ ಖಾಲಿಯಲ್ಲ. ಅಲ್ಲಿ ಹುಡುಗರು ಕ್ರಿಕೆಟ್ ಆಡುತ್ತಾರೆ, ಹಸು ಮೇಯುತ್ತದೆ, ಇಸ್ತ್ರಿ ಗಾಡಿ ನೆರಳು ಹುಡುಕಿ ನಿಲ್ಲುತ್ತದೆ, ಪಕ್ಕದ ಕಟ್ಟಡದ ಕೂಲಿಯವರ ಶೆಡ್ಡಿರುತ್ತದೆ. ಮಹಡಿಯಿಂದ ನೋಡುವವರಿಗೆ ಇವೆಲ್ಲ ಕಸದ ಜೊತೆಗೇ ತೆರವಾಗಬೇಕಾದವು ಎನ್ನಿಸಬಹುದು. ಮುಳ್ಳುತಂತಿ ಹಾಕಿ, ಬೀಗ ಜಡಿದು, ಸಂಘದ ಸದಸ್ಯರಿಗಷ್ಟೇ ಪಾತಿ ಹಂಚಿದರೆ ನೆರೆಬಲ ಬೆಳೆಯುವುದಿಲ್ಲ, ಒಳಗಿನವರು ಮತ್ತು ಹೊರಗಿನವರು ಎಂಬ ಎರಡು ಗುಂಪು ಬೆಳೆಯುತ್ತವೆ. ಫಿಲಡೆಲ್ಫಿಯಾದ ಬೇಲಿ ಮಂಡಿಯೆತ್ತರದ್ದು, ಅದರಲ್ಲಿ ಸಂದಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು. ಲಾಭ ಅತಿ ಹೆಚ್ಚು ಕಂಡದ್ದು ಬಡ ಬೀದಿಗಳಲ್ಲಿ. ಹಾಗಾಗಿ ಮೊದಲ ತೋಟಗಳು ಏಳಬೇಕಾದದ್ದೂ ಅಲ್ಲಿ. ಮೊದಲ ಪಾತಿಗಳು ಸಲ್ಲಬೇಕಾದದ್ದು ಶೆಡ್ಡಿನವರಿಗೆ. ಅವರಲ್ಲಿ ಅನೇಕರು ಊರಿನಲ್ಲಿ ಹೊಲ ಬಿಟ್ಟು ಬಂದವರೇ.

ಕರಾರಿನ ಕಾಗದ

ಬೀಜ, ನೀರು, ಜನ ಎಲ್ಲ ಕೂಡಿಬಂದರೂ ತೋಟವನ್ನು ಕೊಲ್ಲುವ ಒಂದು ಸಂಗತಿಯಿದೆ. ನ್ಯೂಯಾರ್ಕಿನಲ್ಲಿ 1973ರಲ್ಲಿ ಲಿಜ್ ಕ್ರಿಸ್ಟಿ ಎಂಬ ಕಲಾವಿದೆ ತನ್ನ ‘ಗ್ರೀನ್ ಗೆರಿಲ್ಲಾ’ ಗೆಳೆಯರೊಂದಿಗೆ ಬೊವರಿ ಬೀದಿಯ ಮೂಲೆಯ ಹಾಳು ನಿವೇಶನವೊಂದನ್ನು ಶುಚಿಮಾಡಿ ತೋಟ ಹೂಡಿದಳು. ಮರುವರ್ಷ ನಗರಾಡಳಿತ ಅದನ್ನು ತಿಂಗಳಿಗೆ ಒಂದು ಡಾಲರ್ ಬಾಡಿಗೆಗೆ ಕೊಟ್ಟಿತು. ಮುಂದೆ ಅಂಥ ನೂರಾರು ತೋಟಗಳೆದ್ದವು. ತೋಟಗಳಿಂದ ಬೀದಿಗಳು ಹಸನಾದವು, ಹಸನಾದ ಬೀದಿಗಳಲ್ಲಿ ನೆಲದ ಬೆಲೆ ಏರಿತು. ಆಗ 1999ರಲ್ಲಿ ಮೇಯರ್ ರೂಡಿ ಜೂಲಿಯಾನಿ ಆಡಳಿತ 114 ತೋಟಗಳನ್ನು ಹರಾಜಿಗಿಟ್ಟಿತು. ನಟಿ ಬೆಟ್ ಮಿಡ್ಲರ್ ಕಟ್ಟಿದ ಸಂಸ್ಥೆ ಮತ್ತು ಒಂದು ಭೂ ಟ್ರಸ್ಟ್ ಸೇರಿ ಹಣ ಹೊಂದಿಸಿ ಅವನ್ನು ಕೊಂಡುಕೊಂಡಿದ್ದರಿಂದ ಉಳಿದವು. ತಾವು ಬೆಳೆಸಿದ ನೆಮ್ಮದಿಯೇ ತಮ್ಮನ್ನು ಒಕ್ಕಲೆಬ್ಬಿಸಬಹುದೆಂದು ಗೊತ್ತಿದ್ದವರು ಮಾವಿನ ಸಸಿ ನೆಡುವುದಿಲ್ಲ, ಕಾಂಪೋಸ್ಟ್ ಗುಂಡಿ ತೋಡುವುದಿಲ್ಲ. ಮುಂದಿನ ವರ್ಷವೂ ಇದೇ ಜಾಗಕ್ಕೆ ಬರುತ್ತೇವೆಂಬ ಭರವಸೆ ಇಲ್ಲದ ಕಡೆ ನಿತ್ಯದ ನೆಪ ಹುಟ್ಟುವುದಿಲ್ಲ.

ನಮ್ಮಲ್ಲಿ ಇದಕ್ಕೆ ಬೇಕಾದ ಕಾಗದಪತ್ರಗಳ ಮಾದರಿ ಇಲ್ಲದಿಲ್ಲ. ಕೇರಳದ ಕುಟುಂಬಶ್ರೀ ಮಹಿಳಾ ಗುಂಪುಗಳು ಪಾಳುಬಿದ್ದ ನೆಲವನ್ನು ಗುತ್ತಿಗೆಗೆ ಪಡೆದು ಕೂಡಿ ಬೇಸಾಯ ಮಾಡುತ್ತಿವೆ. ಬೆಂಗಳೂರಿನ ಪ್ರತಿ ಬಿಡಿಎ ಬಡಾವಣೆಯಲ್ಲೂ ಸಾರ್ವಜನಿಕ ಸೌಲಭ್ಯಕ್ಕೆಂದು ಮೀಸಲಿಟ್ಟ ಸಿಎ ನಿವೇಶನಗಳಿವೆ, ಅವನ್ನು ಸಂಸ್ಥೆಗಳಿಗೆ ಗುತ್ತಿಗೆಗೆ ಕೊಡುವ ಪದ್ಧತಿ ಮೊದಲಿನಿಂದಲೂ ಇದೆ. ಇವುಗಳಲ್ಲಿ ಹಂಚಿಕೆಯಾಗದೆ ಕಳೆ ಬೆಳೆದು ನಿಂತವನ್ನು ನಿವಾಸಿಗಳಿಗೆ ಐದೋ ಹತ್ತೋ ವರ್ಷದ ಬೇಸಾಯದ ಕರಾರಿನ ಮೇಲೆ ಕೊಡಲು ಹೊಸ ಇಲಾಖೆ ಬೇಕಿಲ್ಲ. ಖಾಸಗಿ ಸೈಟಿನ ಮಾಲೀಕರಿಗಿರುವ ಹೆದರಿಕೆ ಒಂದೇ: ಒಳಗೆ ಬಿಟ್ಟವರು ಎದ್ದುಹೋಗದಿದ್ದರೆ? ಗೇಣಿದಾರನೇ ಒಡೆಯನಾದ ಕಾನೂನು ಕಂಡ ನಾಡಿನಲ್ಲಿ ಈ ಹೆದರಿಕೆಯನ್ನು ಹಗುರಾಗಿ ಕಾಣುವಂತಿಲ್ಲ. ಅವಧಿ ಮುಗಿದೊಡನೆ ಹಕ್ಕಿಲ್ಲದೆ ಬಿಟ್ಟುಕೊಡುವ ಸರಳ ಮಾದರಿ ಕರಾರೊಂದನ್ನು ಪಾಲಿಕೆಯೇ ಸಿದ್ಧಪಡಿಸಿ, ಅದಕ್ಕೆ ಸಹಿ ಹಾಕಿದ ಮಾಲೀಕರಿಗೆ ಆಸ್ತಿ ತೆರಿಗೆಯಲ್ಲಿ ಒಂದಿಷ್ಟು ಬಿಟ್ಟರೆ ಅರ್ಧ ಕೆಲಸ ಮುಗಿಯಿತು. ಕಸ ಎತ್ತಿಸಲು ಮತ್ತೆ ಮತ್ತೆ ಜೆಸಿಬಿ ಕಳಿಸುವ ಖರ್ಚು ಈಗಲೂ ಆಗುತ್ತಲೇ ಇದೆ.

ನಿಮ್ಮ ಬೀದಿಯಲ್ಲಿ ಇಂಥದೊಂದು ಸೈಟಿದ್ದರೆ ಬೀಜದ ಅಂಗಡಿಗೆ ಹೋಗುವುದಕ್ಕೆ ಮುಂಚೆ ಅದರ ಮಾಲೀಕರ ವಿಳಾಸ ಹುಡುಕಿ, ನೀರು ಎಲ್ಲಿಂದ ಬರುತ್ತದೆಂದು ನೋಡಿ, ಒಂದು ಬೊಗಸೆ ಮಣ್ಣನ್ನು ಪರೀಕ್ಷೆಗೆ ಕಳಿಸಿ. ಕರಾರಿಗೆ ಸಹಿಯಾದ ಮೇಲೆ ಹರಿವೆ ಬಿತ್ತಿ. ಅದು ಬೇಗ ಬರುತ್ತದೆ, ಹೊಸಬರ ಕೈಯಲ್ಲೂ ಅಷ್ಟು ಸುಲಭಕ್ಕೆ ಸಾಯುವುದಿಲ್ಲ.